ಕಟ್ಟಡ ಮುಗಿದ ಮೇಲೆ ಬರುವ ಶಿಲ್ಪಿ

ಕಾಸರಗೋಡು ಜಿಲ್ಲೆಯಲ್ಲಿ ಈಗ ಎಲ್ಲಿ ನೋಡಿದರೂ ಕಟ್ಟುವ ಕೆಲಸ. ರಾಷ್ಟ್ರೀಯ ಹೆದ್ದಾರಿ 66 ಅಗಲ ಆಗುವಾಗ ತಲಪಾಡಿಯಿಂದ ತೆಂಕಕ್ಕೆ ರಸ್ತೆ ಬದಿಯ ಎಷ್ಟೋ ಅಂಗಡಿ, ಕಟ್ಟೆ, ಗೇಟು, ಕಂಪೌಂಡು ಗೋಡೆ ಹೋದವು. ಸ್ವಲ್ಪ ಹಿಂದೆ ಸರಿದು ಹೊಸತು ಎದ್ದವು. ಒಳಗಿನ ಊರುಗಳಲ್ಲಿ ದೇವಸ್ಥಾನ, ಭೂತಸ್ಥಾನ, ಭಜನಾ ಮಂದಿರ, ಕುಟುಂಬದ ಮೂಲವಾದ ತರವಾಡು ಮನೆ ಒಂದಾದ ಮೇಲೊಂದು ಜೀರ್ಣೋದ್ಧಾರ ಆಗುತ್ತಿವೆ. ಮಧೂರಿನ ಗಣಪತಿ ದೇವಸ್ಥಾನದಲ್ಲಿ 2025ರಲ್ಲಿ ಬ್ರಹ್ಮಕಲಶೋತ್ಸವವೂ ಮೂಡಪ್ಪ ಸೇವೆಯೂ ನಡೆದವು. ಗಲ್ಫಿನ ದುಡಿಮೆಯಲ್ಲಿ ಎದ್ದ ಮನೆಗಳ ಲೆಕ್ಕ ಬೇರೆಯೇ.

ಇಷ್ಟು ಕಟ್ಟುವಾಗ ಶಿಲ್ಪಕ್ಕೂ ದುಡ್ಡು ಹೋಗುತ್ತಿದೆ, ಕಮ್ಮಿ ಏನಲ್ಲ. ಸ್ವಾಗತ ದ್ವಾರದ ಮೇಲೆ ಆನೆ, ಮನೆಯ ಗೇಟಿನ ತಗಡಿನಲ್ಲಿ ಕತ್ತರಿಸಿದ ನವಿಲು, ಸರ್ಕಲ್ಲಿನಲ್ಲಿ ಪ್ರತಿಮೆ, ಸಭಾಭವನದ ಗೋಡೆಯಲ್ಲಿ ಯಕ್ಷಗಾನದ ಕಿರೀಟ. ಆದರೆ ಕಟ್ಟಡಕ್ಕೂ ಅದರ ಮೇಲೆ ಕೂತ ಶಿಲ್ಪಕ್ಕೂ ಪರಿಚಯವೇ ಇಲ್ಲದ ಹಾಗೆ ಕಾಣುತ್ತದೆ, ಅಲ್ವಾ?

ಇದಕ್ಕೆ ಜನ ಸಾಮಾನ್ಯವಾಗಿ ಎರಡು ಕಾರಣ ಹೇಳುತ್ತಾರೆ. ಈಗ ಅಂಥ ಶಿಲ್ಪಿಗಳಿಲ್ಲ ಎನ್ನುವುದು ಒಂದು. ಈಗಿನ ಇಂಜಿನಿಯರುಗಳಿಗೆ ಅಭಿರುಚಿ ಇಲ್ಲ ಎನ್ನುವುದು ಇನ್ನೊಂದು. ಎರಡನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ನಮ್ಮಿಂದ ಬಡಗಕ್ಕೆ ಕಾರ್ಕಳ ಇದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದ ರೆಂಜಾಳ ಗೋಪಾಲ ಶೆಣೈ ಅವರ ಊರು ಅದು. ಅಲ್ಲಿ ಇವತ್ತಿಗೂ ಉಳಿಯ ಸದ್ದು ನಿಂತಿಲ್ಲ. ತೆಂಕಕ್ಕೆ ಹೋದರೆ ಕಣ್ಣೂರು ಜಿಲ್ಲೆಯ ಕುಂಞಿಮಂಗಲದಲ್ಲಿ ಮೇಣದ ಅಚ್ಚಿನಿಂದ ಕಂಚು ಎರೆಯುವವರು ಇದ್ದಾರೆ. ಇಂಜಿನಿಯರುಗಳಲ್ಲೂ ಓದಿಕೊಂಡವರು, ತಿರುಗಾಡಿದವರು ಎಷ್ಟೋ ಮಂದಿ. ನನ್ನ ಪ್ರಕಾರ ಎಡವಟ್ಟು ಆಗುತ್ತಿರುವುದು ಕೆಲಸದ ಸರದಿಯಲ್ಲಿ. ಶಿಲ್ಪಿಗೆ ಕರೆ ಹೋಗುವುದು ಪೈಂಟಿನವರಿಗೆ ಕರೆ ಹೋಗುವ ವಾರದಲ್ಲಿ.

ಆಗ ನಡೆಯುವ ಮಾತುಕತೆ ಹೆಚ್ಚು ಕಡಿಮೆ ಹೀಗಿರುತ್ತದೆ.

“ಆಚಾರ್ರೇ, ದ್ವಾರದ ಕಾಂಕ್ರೀಟು ಮುಗಿಯಿತು. ಮೇಲೆ ಮೂರಡಿ ಜಾಗ ಉಂಟು. ಕಲಶಕ್ಕೆ ಮೊದಲು ಎರಡು ಆನೆ, ನಡುವೆ ಒಂದು ಲಕ್ಷ್ಮಿ ಕೂರಿಸಿ ಕೊಡಬೇಕು.”

“ಮೂರಡಿಯಲ್ಲಿ ಆನೆ ಕೂರಿಸಿದರೆ ಕೆಳಗಿನಿಂದ ಬರೀ ಸೊಂಡಿಲು ಕಂಡೀತು ಮಾರಾಯ್ರೇ. ಮೊದಲೇ ಹೇಳಿದ್ದರೆ ಬೀಮನ್ನು ಸ್ವಲ್ಪ ಮುಂದೆ ಬಿಡಬಹುದಿತ್ತು.”

“ಇನ್ನೇನು ಮಾಡುವುದು? ಹೇಗಾದರೂ ಸುಧಾರಿಸಿ ಕೊಡಿ.”

ಇದು ಯಾವ ಸಮಿತಿಯ ಮಾತು ಎಂದು ಕೇಳಬೇಡಿ. ಹೆಸರು ಬದಲಾಯಿಸಿದರೆ ಯಾವ ಊರಿಗೂ ಹೊಂದುತ್ತದೆ.

ಮುರಕಲ್ಲು ಕಲಿಸಿದ ಲೆಕ್ಕ

ನಮ್ಮ ನೆಲದ ಕಲ್ಲು ಮುರಕಲ್ಲು. ಅಗೆದ ಹೊಸತರಲ್ಲಿ ಮೆತ್ತಗೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ಮೈತುಂಬ ತೂತು. ಅದರಲ್ಲಿ ಮೂಗು, ಕಣ್ಣು, ಬೆರಳು ಬಿಡಿಸಲು ಆಗುವುದಿಲ್ಲ. ಹೊಯ್ಸಳರಿಗೆ ಬಳಪದ ಕಲ್ಲು ಸಿಕ್ಕಿತ್ತು. ಬೇಲೂರು ಹಳೇಬೀಡಿನ ಸೂಕ್ಷ್ಮ ಕೆತ್ತನೆಯಲ್ಲಿ ಶಿಲ್ಪಿಯ ಕೈಯ ಜೊತೆ ಆ ಕಲ್ಲಿನದ್ದೂ ಪಾಲಿದೆ. ಇಲ್ಲಿನವರಿಗೆ ಆ ಅನುಕೂಲ ಇರಲಿಲ್ಲ.

ಹಾಗಾಗಿ ಇಲ್ಲಿನ ಹಳೆ ದೇವಸ್ಥಾನಗಳಲ್ಲಿ ಕೆಲಸ ಬೇರೆ ರೀತಿ ಹಂಚಿಹೋಗಿದೆ. ಗೋಡೆ ಸರಳ. ಗುಡಿ ನಿಂತ ಪೀಠದಲ್ಲಿ, ಅಂದರೆ ಅಧಿಷ್ಠಾನದಲ್ಲಿ, ದಪ್ಪ ಪಟ್ಟಿಗಳು, ಒಂದು ಉಬ್ಬಿದರೆ ಇನ್ನೊಂದು ಒಳಗೆ. ಮಾಡು ಗೋಡೆಯಿಂದ ತುಂಬ ಹೊರಗೆ ಚಾಚಿ ಕೆಳಗೆ ಇಳಿದಿರುತ್ತದೆ. ಮಳೆ ಗೋಡೆಗೆ ಬಡಿಯಬಾರದು ಎಂದು ಹಾಗೆ ಮಾಡಿದ್ದು. ಆ ಮಾಡಿನ ನೆರಳೇ ಗೋಡೆಗೆ ಅಲಂಕಾರ. ಸೂಕ್ಷ್ಮ ಕೆತ್ತನೆ ಬರುವುದು ಮರದಲ್ಲಿ: ಮಾಡು ಹೊರುವ ಪಕ್ಕಾಸಿನ ಕೊನೆಯಲ್ಲಿ, ಕಂಬದ ತಲೆಯ ಬೋದಿಗೆಯಲ್ಲಿ, ಒಳಗಿನ ಮುಚ್ಚಿಗೆಯಲ್ಲಿ, ಬಾಗಿಲಿನ ದಾರಂದದಲ್ಲಿ. ಇವೆಲ್ಲ ಮಾಡಿನ ಅಡಿಯಲ್ಲಿ, ನೀರು ಬೀಳದ ಜಾಗದಲ್ಲಿ ಇರುವಂಥವು. ಮಧೂರಿನ ಗಜಪೃಷ್ಠದ ಮೂರು ನೆಲೆಯ ಗುಡಿ ನೋಡಿ. ಮೇಲೆ ತಾಮ್ರದ ಹೊದಿಕೆ, ಅದರ ರಕ್ಷಣೆಯಲ್ಲಿ ಮರದ ರಾಮಾಯಣ. ಆನೆಯ ಬೆನ್ನಿನ ಹಾಗೆ ಬಾಗಿದ ಆ ಹಿಂಬದಿ ಇದೆಯಲ್ಲ, ಅದನ್ನು ಕಟ್ಟಡ ಎನ್ನಬೇಕೋ ಶಿಲ್ಪ ಎನ್ನಬೇಕೋ? ಕಟ್ಟಿದವನಿಗೆ ಆ ಪ್ರಶ್ನೆಯೇ ಹುಟ್ಟಿರಲಿಕ್ಕಿಲ್ಲ. ಕೋಲಿನ ಅಳತೆ ಒಂದೇ. ಸುಮಾರು 72 ಸೆಂಟಿಮೀಟರಿನ ಒಂದು ಕೋಲು, ಅದರಲ್ಲಿ 24 ಅಂಗುಲ. ಗುಡಿಗೂ ಅದೇ, ಬಾಗಿಲಿಗೂ ಅದೇ, ಒಳಗಿನ ಮೂರ್ತಿಯ ಪ್ರಮಾಣವೂ ಅದರ ಲೆಕ್ಕಕ್ಕೇ ಹೊಂದಬೇಕು.

ಒಂದು ಸಣ್ಣ ವಸ್ತುವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ. ಗರ್ಭಗುಡಿಯ ಬಡಗು ಬದಿಯಲ್ಲಿ ಅಭಿಷೇಕದ ನೀರು ಹೊರಗೆ ಬರುವ ಗೋಮುಖ. ಕಪ್ಪುಕಲ್ಲಿನದು. ಗೋಡೆಯಿಂದ ಹೊರಗೆ ಚಾಚಿದೆ, ತುದಿಗೆ ಬರುತ್ತಾ ಸಪೂರ ಆಗಿದೆ. ಮೇಲೆ ಕಾಲುವೆ ಕೊರೆದಿದೆ, ಕೆಳಗೆ ಪ್ರಾಣಿಯ ಮುಖವೋ ಬಳ್ಳಿಯೋ ಇದೆ. ಅದು ಅಷ್ಟು ಉದ್ದ ಯಾಕೆ? ನೀರು ಪಂಚಾಂಗದ, ಅಂದರೆ ಅಡಿಪಾಯದ, ಕಲ್ಲಿಗೆ ತಾಗದೆ ದೂರ ಬೀಳಲಿ ಎಂದು. ತುದಿ ಯಾಕೆ ಸಪೂರ? ನೀರು ಕಲ್ಲಿನ ಅಡಿ ಹಿಡಿದು ಹಿಂದಕ್ಕೆ ಹರಿಯದೆ ಕಡಿದು ಬೀಳಲಿ ಎಂದು. ಆಮೇಲೆ ಅದಕ್ಕೆ ಮುಖ. ಈ ಕಲ್ಲನ್ನು ಗೋಡೆ ಎದ್ದ ಮೇಲೆ ತಂದು ಸಿಕ್ಕಿಸಲು ಆಗುವುದಿಲ್ಲ. ಹಿಂಬದಿ ಗೋಡೆಯ ಒಳಗೆ ಹೂತಿರಬೇಕು. ಅಂದರೆ ಕಲ್ಲು ಕಟ್ಟುವವನು ಆ ಎತ್ತರಕ್ಕೆ ಬರುವಷ್ಟರಲ್ಲಿ ಕೆತ್ತುವವನ ಕೆಲಸ ಮುಗಿದಿರಲೇಬೇಕು.

ಬೇಕಲ ಕೋಟೆಯ ಗೋಡೆಗಳಲ್ಲಿ ಮೂರ್ತಿ ಇಲ್ಲ, ಕೆತ್ತನೆ ಇಲ್ಲ. 17ನೇ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕನ ಕಾಲದ ಕೆಲಸ ಅದು. ಗೋಡೆಯ ತೂತುಗಳನ್ನು ಗಮನಿಸಿ. ಮೇಲಿನದು ದೂರದ ಶತ್ರುವಿಗೆ, ನಡುವಿನದು ಹತ್ತಿರ ಬಂದವನಿಗೆ, ಕೆಳಗಿನದು ಬುಡಕ್ಕೇ ಬಂದವನಿಗೆ. ಕೋವಿಯ ಓರೆಗೆ ಸರಿಯಾಗಿ ಕಲ್ಲನ್ನು ಕಡೆದಿದ್ದಾರೆ. ನಡುವಿನ ವೀಕ್ಷಣಾ ಬುರುಜು, ಅದಕ್ಕೆ ಹತ್ತುವ ಅಗಲ ಇಳಿಜಾರು: ಈಗಿನ ಆರ್ಕಿಟೆಕ್ಟ್ ಯಾರಾದರೂ ಅದನ್ನು ಕಟ್ಟಿದ್ದರೆ ಪತ್ರಿಕೆಗಳು ಶಿಲ್ಪದಂಥ ಕಟ್ಟಡ ಎಂದು ಬರೆಯುತ್ತಿದ್ದವು.

ಯುರೋಪಿನಲ್ಲಿ ಆದ ಬೇರ್ಪಾಟು

ಆಧುನಿಕ ವಾಸ್ತುಶಿಲ್ಪ ಶಿಲ್ಪವನ್ನು ಕಟ್ಟಡದಿಂದ ಓಡಿಸಿತು ಎನ್ನುವುದು ಅರ್ಧ ಸತ್ಯ. ವಿಯೆನ್ನಾದಲ್ಲಿದ್ದ ಆರ್ಕಿಟೆಕ್ಟ್ ಅಡಾಲ್ಫ್ ಲೂಸ್ 1910ರ ಸುಮಾರಿಗೆ ಅಲಂಕಾರವನ್ನು ಅಪರಾಧದ ಸಾಲಿಗೆ ಸೇರಿಸಿ ಮಾತಾಡಿದ್ದು ನಿಜ. ಅವನ ವಾದದಲ್ಲಿ ಒಂದು ಭಾಗವನ್ನು ಯಾರೂ ಜಾಸ್ತಿ ನೆನಪು ಮಾಡುವುದಿಲ್ಲ. ಕೆತ್ತುವ ಕೆಲಸಗಾರ ಹೆಚ್ಚು ಹೊತ್ತು ದುಡಿದು ಕಡಿಮೆ ಸಂಪಾದಿಸುತ್ತಾನೆ, ಅವನು ಮಾಡಿದ್ದು ಬೇಗ ಹಳತಾಗುತ್ತದೆ ಎಂಬ ಕೂಲಿಯ ಲೆಕ್ಕ ಅದು. ನಮ್ಮ ಆಚಾರಿ ಮನೆತನಗಳ ಮಕ್ಕಳು ಯಾಕೆ ಬೇರೆ ಕೆಲಸಕ್ಕೆ ಹೋದರು ಎಂದು ಕೇಳಿದರೆ ಉತ್ತರ ಇದರಿಂದ ದೂರ ಏನಿಲ್ಲ.

ಅದಾಗಿ ಸ್ವಲ್ಪ ವರ್ಷಕ್ಕೆ, 1919ರಲ್ಲಿ, ಜರ್ಮನಿಯಲ್ಲಿ ಬೌಹೌಸ್ ಶಾಲೆ ಶುರು ಮಾಡಿದ ವಾಲ್ಟರ್ ಗ್ರೋಪಿಯಸ್ ಹೇಳಿದ್ದು ಸರಿಯಾಗಿ ಉಲ್ಟಾ. ಆರ್ಕಿಟೆಕ್ಟ್, ಶಿಲ್ಪಿ, ಚಿತ್ರಕಾರ ಮೂವರೂ ಕೈಕೆಲಸಕ್ಕೆ ಮರಳಬೇಕು, ಸೇರಿ ಕಟ್ಟಬೇಕು ಎಂದು. ಆ ಘೋಷಣೆಯ ಹಾಳೆಯ ಮುಖಪುಟದಲ್ಲಿ ಇದ್ದದ್ದು ಒಂದು ಇಗರ್ಜಿಯ ಚಿತ್ರ! ಆಧುನಿಕರ ಗುರುಮನೆ ಎಂದು ಹೆಸರಾದ ಶಾಲೆ ಕಣ್ಣಿಟ್ಟದ್ದು ಮಧ್ಯಯುಗದ ಕೆಲಸದ ಪದ್ಧತಿಯ ಮೇಲೆ.

1929ರಲ್ಲಿ ಜರ್ಮನಿಯ ಆರ್ಕಿಟೆಕ್ಟ್ ಮೀಸ್ ವಾನ್ ಡೆರ್ ರೋಹೆ ಬಾರ್ಸಿಲೋನಾ ಪ್ರದರ್ಶನಕ್ಕೆ ಒಂದು ಮಂಟಪ ಕಟ್ಟಿದ. ಗಾಜು, ಉಕ್ಕಿನ ಕಂಬ, ಹೊಳೆಯುವ ಕಲ್ಲಿನ ಗೋಡೆ. ಕೆತ್ತನೆ ಒಂದಿಂಚೂ ಇಲ್ಲ. ಆದರೆ ಒಳಗಿನ ಸಣ್ಣ ಕೊಳದಲ್ಲಿ, ಹಸಿರು ಅಮೃತಶಿಲೆಯ ಗೋಡೆಗೆ ಎದುರಾಗಿ ಒಂದು ಹೆಣ್ಣಿನ ಪ್ರತಿಮೆ. ಜಾರ್ಜ್ ಕೋಲ್ಬೆ ಮಾಡಿದ್ದು. ಇಡೀ ಮಂಟಪದಲ್ಲಿ ದುಂಡಗೆ, ಮೈಕೈ ಇರುವಂಥದ್ದು ಅದೊಂದೇ. ನೀವು ಒಳಗೆ ನಡೆಯುತ್ತಾ ಹೋದ ಹಾಗೆ ಅದು ಗೋಡೆಗಳ ಸಂದಿಯಲ್ಲಿ ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ಆ ಪ್ರತಿಮೆಯನ್ನು ತೆಗೆದರೆ ಮಂಟಪದ ಆ ಮೂಲೆಗೆ ಹೋಗಲು ಕಾರಣವೇ ಉಳಿಯುವುದಿಲ್ಲ. 1930ರಲ್ಲಿ ಬಿಚ್ಚಿದ ಈ ಮಂಟಪವನ್ನು 1986ರಲ್ಲಿ ಅದೇ ಜಾಗದಲ್ಲಿ ಮತ್ತೆ ಕಟ್ಟಿದರು, ಪ್ರತಿಮೆಯ ಪ್ರತಿಯನ್ನೂ ಅಲ್ಲೇ ಇಟ್ಟರು.

ಇಲ್ಲಿ ನನ್ನ ವಾದಕ್ಕೆ ಒಂದು ತೊಡಕು ಇದೆ. ಕೋಲ್ಬೆ ಅದನ್ನು ಆ ಮಂಟಪಕ್ಕೆಂದು ಮಾಡಿರಲಿಲ್ಲ. ಬರ್ಲಿನ್ನಿನ ಒಂದು ಉದ್ಯಾನಕ್ಕೆಂದು ಮೊದಲೇ ಮಾಡಿದ್ದು. ಅಂದರೆ ಸಿದ್ಧವಾಗಿದ್ದ ಶಿಲ್ಪ ತಂದು ಇಟ್ಟದ್ದೇ. ಹಾಗಿದ್ದರೂ ಅದು ಕೂಡಿಬಂತು. ಯಾಕೆಂದರೆ ಜಾಗವನ್ನು ಕಾದಿರಿಸಿದ್ದು ನಕ್ಷೆಯಲ್ಲೇ. ಹಾಗಾಗಿ ಶಿಲ್ಪಿ ಪ್ರತಿಯೊಂದು ಸಲ ಅಡಿಪಾಯದ ದಿನವೇ ಬಂದು ನಿಲ್ಲಬೇಕು ಅಂತಿಲ್ಲ. ಶಿಲ್ಪದ ಯೋಚನೆ ಆಗ ಬಂದಿರಬೇಕು.

ಎರಡನೇ ಮಹಾಯುದ್ಧದ ನಂತರ ಈ ಎಚ್ಚರ ಕಡಿಮೆಯಾಯಿತು. ಗಾಜಿನ ಗೋಪುರ ಎದ್ದಿತು, ಎದುರಿಗೆ ಖಾಲಿ ಅಂಗಳ ಉಳಿಯಿತು, ಆ ಖಾಲಿ ತುಂಬಲು ಒಂದು ದೊಡ್ಡ ಶಿಲ್ಪ ತಂದರು. ಕೆಲವು ಅದ್ಭುತವಾಗಿ ಕೂತವು. ಶಿಕಾಗೋದಲ್ಲಿ 1967ರ ಪಿಕಾಸೋನ 50 ಅಡಿ ಉಕ್ಕಿನ ಶಿಲ್ಪ, 1974ರಲ್ಲಿ ಮೀಸ್‌ನ ಕಪ್ಪು ಕಟ್ಟಡಗಳ ನಡುವೆ ಅಲೆಕ್ಸಾಂಡರ್ ಕಾಲ್ಡರ್ ನಿಲ್ಲಿಸಿದ ಕೆಂಪು ಫ್ಲೆಮಿಂಗೋ. ಇಂಥವು ಬೆರಳೆಣಿಕೆ. ಉಳಿದ ಹೆಚ್ಚಿನವನ್ನು ಎತ್ತಿ ಪಕ್ಕದ ಕಟ್ಟಡದ ಎದುರು ಇಟ್ಟರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ.

ದುಡ್ಡಿನ ಕೊರತೆ ಇದಕ್ಕೆ ಕಾರಣ ಅಲ್ಲ. ಫ್ರಾನ್ಸ್ 1951ರಲ್ಲೇ ಶಾಲಾ ಕಟ್ಟಡಗಳ ವೆಚ್ಚದ ಶೇಕಡಾ 1ನ್ನು ಕಲೆಗೆ ಎತ್ತಿಡುವ ನಿಯಮ ತಂದಿತು. ಅಮೆರಿಕದ ಸರಕಾರಿ ಕಟ್ಟಡಗಳಲ್ಲಿ ಶೇಕಡಾ ಅರ್ಧದ ಪದ್ಧತಿ. ಅದೇ ದುಡ್ಡಿನಿಂದ ನ್ಯೂಯಾರ್ಕಿನ ಒಂದು ಕಚೇರಿಯ ಎದುರು 1981ರಲ್ಲಿ ರಿಚರ್ಡ್ ಸೆರಾ 120 ಅಡಿ ಉದ್ದ, 12 ಅಡಿ ಎತ್ತರದ ಬಾಗಿದ ಉಕ್ಕಿನ ಗೋಡೆ ನಿಲ್ಲಿಸಿದ. ಅದನ್ನು ಆ ಅಂಗಳಕ್ಕೆಂದೇ ಯೋಚಿಸಿ ಮಾಡಿದ್ದು. ಆದರೆ ಅಂಗಳ ಅಲ್ಲಿ ಮೊದಲೇ ಇತ್ತು, ಜನ ಅದನ್ನು ದಾಟಿ ಕೆಲಸಕ್ಕೆ ಹೋಗುವ ರೂಢಿಯೂ ಇತ್ತು. ಸುತ್ತಿ ಹೋಗಬೇಕಾದವರು ರೇಗಿದರು, ವಿಚಾರಣೆ ನಡೆಯಿತು, 1989ರಲ್ಲಿ ಕಡಿದು ಸಾಗಿಸಿದರು. ಇಲ್ಲಿಂದ ತೆಗೆದರೆ ಶಿಲ್ಪವೇ ಇಲ್ಲ ಎಂದು ಸೆರಾ ವಾದ ಮಾಡಿದ್ದ. ಕೇಳಲಿಲ್ಲ. ನನ್ನ ಮನಸ್ಸು ಇಲ್ಲಿ ಎರಡೂ ಕಡೆ ಎಳೆಯುತ್ತದೆ. ಶಿಲ್ಪ ಗಟ್ಟಿಯದ್ದು, ದಿನಾ ನಡೆಯುವವರ ಸಿಟ್ಟೂ ಸುಳ್ಳಲ್ಲ.

ಒಂದೇ ವರ್ಷ, ಎರಡು ದಾರಿ

ಭಾರತದಲ್ಲಿ 1950ರ ದಶಕದ ಆರಂಭದಲ್ಲಿ ಒಂದು ವಿಚಿತ್ರ ಜೋಡಿ ಸಿಗುತ್ತದೆ. ಹೊಸ ರಾಜಧಾನಿ ಚಂಡೀಗಢವನ್ನು ರೂಪಿಸುವ ಕೆಲಸ ಆರ್ಕಿಟೆಕ್ಟ್ ಲೆ ಕಾರ್ಬುಸಿಯೆ ಕೈಗೆ ಬಂದದ್ದು ಮತ್ತು ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ನೆಹರೂ ಕೈಯಿಂದ ಶಂಕುಸ್ಥಾಪನೆ ಆದದ್ದು ಹತ್ತಿರ ಹತ್ತಿರ ಒಂದೇ ಹೊತ್ತಿಗೆ, 1951ರ ಆಸುಪಾಸು. ಕೆಂಗಲ್ ಹನುಮಂತಯ್ಯನವರು ಕಲ್ಲುಕುಟಿಗರನ್ನು ಕರೆಸಿ ಗ್ರಾನೈಟಿನಲ್ಲಿ ಕಂಬ, ಬೋದಿಗೆ, ಗೋಪುರ ಕೆತ್ತಿಸಿದರು. 1956ಕ್ಕೆ ಮುಗಿಯಿತು. ಚಂಡೀಗಢದಲ್ಲಿ ಕಾರ್ಬುಸಿಯೆ ಕೆತ್ತನೆ ಬೇಡ ಎಂದ, ಬದಲಿಗೆ ಕಟ್ಟಡವನ್ನೇ ಶಿಲ್ಪದ ಹಾಗೆ ರೂಪಿಸಿದ. ಅಸೆಂಬ್ಲಿ ಕಟ್ಟಡದ ಎದುರಿನ ಮಂಟಪದ ಮೇಲೆ ದೊಡ್ಡ ದೋಣಿಯ ಆಕಾರದ ಕಾಂಕ್ರೀಟು ಮಾಡು. ಅದು ಮಳೆ ನೀರನ್ನು ಹಿಡಿದು ಹರಿಸುತ್ತದೆ. ಅವನೇ ಫ್ರಾನ್ಸಿನ ರೋಂಶಾಂನಲ್ಲಿ 1955ರಲ್ಲಿ ಮುಗಿಸಿದ ಇಗರ್ಜಿಯಲ್ಲೂ ಇಡೀ ಮಾಡಿನ ನೀರು ಒಂದೇ ಕಾಂಕ್ರೀಟು ಬಾಯಿಯಿಂದ ಕೆಳಗಿನ ತೊಟ್ಟಿಗೆ ಬೀಳುತ್ತದೆ. ನಮ್ಮ ಗೋಮುಖ ನೋಡಿದವರಿಗೆ ಅದು ಹೊಸದೆನಿಸಲಿಕ್ಕಿಲ್ಲ.

ವಿಧಾನಸೌಧ ಸಂಪ್ರದಾಯದ್ದು, ಚಂಡೀಗಢ ಆಧುನಿಕ ಎಂದು ಸುಮ್ನೆ ಹೇಳಿಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಹಳೆ ಗುಡಿ ಕಟ್ಟಿದವರ ಯೋಚನೆಯ ಕ್ರಮಕ್ಕೆ ಹೆಚ್ಚು ಹತ್ತಿರ ಇರುವುದು ಆ ಕಾಂಕ್ರೀಟು ಮಾಡೇ. ಅಲ್ಲಿ ಆಕಾರ ಕೆಲಸದಿಂದ ಹುಟ್ಟಿದೆ. ವಿಧಾನಸೌಧದ ಕಂಬಗಳ ಕೆತ್ತನೆ ಚಂದ, ಕುಟಿಗರ ಕೈಗೆ ನಮಸ್ಕಾರ. ಆದರೆ ಒಳಗಿನ ಸಾಲು ಸಾಲು ಆಫೀಸು ಕೋಣೆಗಳಿಗೂ ಹೊರಗಿನ ದ್ರಾವಿಡ ಮೈಗೂ ಹೆಚ್ಚಿನ ಸಂಬಂಧ ಇಲ್ಲ. ಬೆಂಗಳೂರಿನವರು ಇದಕ್ಕೆ ಬೇಜಾರು ಮಾಡಿಕೊಂಡಾರು, ಇರಲಿ.

ಮೂರನೇ ದಾರಿಯೂ ಇತ್ತು. ಸರಕಾರಿ ಕಟ್ಟಡಗಳಲ್ಲಿ ಕಲಾವಿದರಿಗೆ ಕೆಲಸ ಸಿಗಲಿ ಎನ್ನುವುದು ನೆಹರೂ ಆಸೆ. ಹಾಗೆ ದೆಹಲಿಯ ರಿಸರ್ವ್ ಬ್ಯಾಂಕ್ ಕಟ್ಟಡದ ಬಾಗಿಲಿನ ಎರಡು ಬದಿಗೆ ಯಕ್ಷ, ಯಕ್ಷಿ ಮಾಡುವ ಕೆಲಸ ಶಾಂತಿನಿಕೇತನದ ರಾಮಕಿಂಕರ್ ಬೈಜ್ ಅವರಿಗೆ ಬಂತು. 1950ರ ದಶಕದಲ್ಲಿ ಒಪ್ಪಿಕೊಂಡದ್ದು, ನಿಂತದ್ದು 1967ರಲ್ಲಿ. ಅಷ್ಟು ದೊಡ್ಡ ಕಲ್ಲು ಹುಡುಕುವುದೇ ಒಂದು ಸಾಹಸ ಆಯಿತು. ಹಿಮಾಚಲದ ಕಾಂಗ್ರಾ ಕಡೆಯಿಂದ ತಂದರು. ಹಣದ ಮನೆಯ ಬಾಗಿಲಿಗೆ ಕುಬೇರನ ಬಳಗದವರು! ಯಕ್ಷಿ ಬೆತ್ತಲೆ ಎಂದು ಸಂಸತ್ತಿನ ತನಕ ಗಲಾಟೆ ಹೋಯಿತು. ಅವು ಇವತ್ತಿಗೂ ಅಲ್ಲೇ ನಿಂತಿವೆ.

ಕುಟ್ಟಮತ್ತಿನಿಂದ ಹೋದ ಶಿಲ್ಪಿ

ಯಕ್ಷಿಯ ಗಲಾಟೆ ಕೇರಳಕ್ಕೂ ಬಂತು. ತಂದವರು ನಮ್ಮ ಜಿಲ್ಲೆಯವರೇ. ಕಾನಾಯಿ ಕುಂಞಿರಾಮನ್ 1937ರಲ್ಲಿ ಚೆರುವತ್ತೂರು ಹತ್ತಿರದ ಕುಟ್ಟಮತ್ತಿನಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ಕಲಿತು, ಲಂಡನ್ನಿನ ಸ್ಲೇಡ್ ಶಾಲೆಗೂ ಹೋಗಿ ಬಂದರು. ಪಾಲಕ್ಕಾಡಿನ ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ 1969ರಲ್ಲಿ ಅವರು ಮಾಡಿದ ಯಕ್ಷಿ ಸುಮಾರು 30 ಅಡಿ ಎತ್ತರ, ಕಾಂಕ್ರೀಟಿನದು. ಕೂತಿದ್ದಾಳೆ, ಕಾಲು ಚಾಚಿದ್ದಾಳೆ, ಸುತ್ತ ಘಟ್ಟದ ಬೆಟ್ಟ. ತಿರುವನಂತಪುರದ ಶಂಖುಮುಖ ಕಡಲ ಬದಿಯಲ್ಲಿ ಮಲಗಿದ ಸಾಗರಕನ್ಯಕೆ 80 ಅಡಿಗೂ ಉದ್ದ. ಕಣ್ಣೂರಿನ ಪಯ್ಯಾಂಬಲದಲ್ಲೂ ಅವರ ಕೆಲಸ ಇದೆ. ನಮ್ಮ ವಿದ್ಯಾನಗರದಲ್ಲಿ, ಜಿಲ್ಲಾ ಪಂಚಾಯತ್ ಆವರಣದಲ್ಲಿ, ಎಂಡೋಸಲ್ಫಾನ್ ಸಂತ್ರಸ್ತರ ನೆನಪಿಗೆ ತಾಯಿ ಮಗುವಿನ ದೊಡ್ಡ ಶಿಲ್ಪ. ಅದು ಮುಗಿಯಲು ವರ್ಷಗಟ್ಟಲೆ ಹಿಡಿಯಿತು.

ಕಾನಾಯಿ ಅವರ ಶಿಲ್ಪಗಳ ಗುಟ್ಟು ಇರುವುದು ಸುತ್ತಲಿನ ಜಾಗದಲ್ಲಿ. ಬೆಟ್ಟ ಇಲ್ಲದ ಯಕ್ಷಿ, ಕಡಲಿನ ಬಯಲು ಇಲ್ಲದ ಸಾಗರಕನ್ಯಕೆ ಅರ್ಧ. ಅದಕ್ಕೇ 2020ರಲ್ಲಿ ಶಂಖುಮುಖದಲ್ಲಿ ಸಾಗರಕನ್ಯಕೆಯ ಪಕ್ಕದಲ್ಲಿ ವಾಯುಪಡೆಯ ಹಳೆಯ ಹೆಲಿಕಾಪ್ಟರ್ ತಂದು ನಿಲ್ಲಿಸಿದಾಗ ಅವರು ಅಷ್ಟು ನೊಂದದ್ದು. ಪ್ರತಿಮೆಗೆ ಯಾರೂ ಕೈ ಹಚ್ಚಿರಲಿಲ್ಲ. ಆದರೂ ಶಿಲ್ಪ ಹಾಳಾಯಿತು ಎಂದು ಶಿಲ್ಪಿ ಹೇಳಿದರೆ ಅದು ಹಟ ಅಲ್ಲ.

ಕಾನೂನು ಇಂಥದ್ದರಲ್ಲಿ ಎಷ್ಟು ನೆರವಿಗೆ ಬರುತ್ತದೆ? ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿ ಅಮರ್ ನಾಥ್ ಸೆಹಗಲ್ ಮಾಡಿದ ಸುಮಾರು 140 ಅಡಿ ಉದ್ದದ ಕಂಚಿನ ಉಬ್ಬುಶಿಲ್ಪ ಇತ್ತು. 1979ರಲ್ಲಿ ಅವರನ್ನು ಕೇಳದೆ ಕಿತ್ತು ಗೋದಾಮಿಗೆ ಹಾಕಿದರು, ತುಂಡಾಯಿತು. ಅವರು ಕೋರ್ಟಿಗೆ ಹೋದರು. ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಹಿಡಿದು 2005ರಲ್ಲಿ ದೆಹಲಿ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಉಳಿದ ತುಂಡುಗಳನ್ನು ಮರಳಿಸಬೇಕು, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು. ದುಡ್ಡು ಕೊಟ್ಟು ಮಾಡಿಸಿದವನಿಗೂ ಅದನ್ನು ಹಾಳು ಮಾಡುವ ಹಕ್ಕು ಇಲ್ಲ ಎಂದಾಯಿತು.

ಆದರೆ ಕಟ್ಟಡವೇ ಕೃತಿ ಆದಾಗ? ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ರೂಪಿಸಿದ ಹಾಲ್ ಆಫ್ ನೇಷನ್ಸ್ 1972ರದ್ದು. ತ್ರಿಕೋನಗಳ ಜಾಲದ ಕಾಂಕ್ರೀಟು ಕಟ್ಟಡ, ಇಂಜಿನಿಯರ್ ಮಹೇಂದ್ರ ರಾಜ್. 2017ರಲ್ಲಿ ಕೆಡವಿದರು. ರೇವಾಲ್ ಅದೇ 57ನೇ ಸೆಕ್ಷನ್ ಹಿಡಿದು ಹೋದರು. 2019ರಲ್ಲಿ ಅದೇ ಹೈಕೋರ್ಟು ಒಪ್ಪಲಿಲ್ಲ. ಮಾಲೀಕ ತನ್ನ ಜಾಗದ ಕಟ್ಟಡ ಕೆಡವುವುದನ್ನು ಆರ್ಕಿಟೆಕ್ಟ್ ತಡೆಯಲು ಆಗದು ಎಂದಿತು. ಹಾಗಾಗಿ ಗೋಡೆಗೆ ಅಂಟಿಸಿದ ಶಿಲ್ಪಕ್ಕೆ ಸಿಕ್ಕಿದ ರಕ್ಷಣೆ ಶಿಲ್ಪದಂಥ ಕಟ್ಟಡಕ್ಕೆ ಸಿಗಲಿಲ್ಲ. ಎರಡೂ ಬೆಸೆದು ಹೋದಷ್ಟೂ ಈ ಗೊಂದಲ ಹೆಚ್ಚು.

ಮಳೆ, ಉಪ್ಪು, ಕಬ್ಬಿಣ

ಇಲ್ಲಿ ಒಂದು ಸಾಮಗ್ರಿಯ ಮಾತು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಪಡುವಣ ಗಾಳಿಯಲ್ಲಿ ಕಡಲಿನ ಉಪ್ಪು. ದ್ವಾರದ ಮೇಲೆ ಕೂರುವ ಸಿಮೆಂಟಿನ ಮೂರ್ತಿ ಹೇಗೆ ಆಗುತ್ತದೆ? ಮೊದಲು ಸರಳು ಬಾಗಿಸಿ ಅಸ್ಥಿಪಂಜರ. ಅದಕ್ಕೆ ಕೋಳಿಬಲೆ ಸುತ್ತಿ ಕಟ್ಟುತ್ತಾರೆ. ಮೇಲೆ ಸಿಮೆಂಟು ಗಾರೆ ಮೆತ್ತಿ, ಒಣಗುವ ಮೊದಲು ಕರಣೆಯಲ್ಲಿ, ತಗಡಿನ ತುಂಡಿನಲ್ಲಿ ಮುಖ ಬಿಡಿಸುತ್ತಾರೆ. ಬೆರಳಿನಲ್ಲಿ, ಕಿವಿಯಲ್ಲಿ, ಸೊಂಡಿಲಿನ ತುದಿಯಲ್ಲಿ ಗಾರೆ ತೆಳು. ನೀರೂ ಉಪ್ಪೂ ಮೊದಲು ಮುಟ್ಟುವುದು ಅಲ್ಲಿನ ಕಬ್ಬಿಣವನ್ನು. ತುಕ್ಕು ಹಿಡಿದ ಕಬ್ಬಿಣ ಮೊದಲಿನದರ ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಗಾರೆ ಒಡೆಯುತ್ತದೆ. ಮೊದಲು ಕಂದು ಗೆರೆ ಇಳಿಯುತ್ತದೆ, ಆಮೇಲೆ ಬೆರಳು ಬೀಳುತ್ತದೆ. ಕೂತ ಮೂರ್ತಿ ಆದರೆ ಇನ್ನೊಂದು ತೊಂದರೆ: ಮಡಿಲಲ್ಲಿ ನೀರು ನಿಲ್ಲುತ್ತದೆ. ಅದು ಹರಿದು ಹೋಗಲು ಸಣ್ಣ ತೂತು ಬಿಡುವವರು ತೀರ ಕಡಿಮೆ. ಮೇಲೆ ಎನಾಮೆಲ್ ಪೈಂಟು ಹೊಡೆದರೆ ಒಳಗಿನ ತೇವ ಹೊರಗೆ ಬರಲೂ ದಾರಿ ಇಲ್ಲ.

ಇದೇ ಅಸ್ಥಿಪಂಜರದ ಉಪಾಯ ನಮ್ಮಲ್ಲಿ ಹಳತು. ಕುಂಬಳೆ ಹತ್ತಿರದ ಅನಂತಪುರ ಸರೋವರ ಕ್ಷೇತ್ರದ ಹಳೆ ಮೂರ್ತಿಗಳು ಕಡುಶರ್ಕರ ಪಾಕದವು. ಮರದ ಚೌಕಟ್ಟೇ ಎಲುಬು, ತೆಂಗಿನ ನಾರು ನರ, ಅದರ ಮೇಲೆ ಮಣ್ಣು, ಅಂಟು, ಮೂಲಿಕೆ ಸೇರಿದ ಪಾಕದ ಪದರಗಳು. ಅಂಥ ಮೂರ್ತಿಗೆ ನೀರಿನ ಅಭಿಷೇಕ ಮಾಡುವುದಿಲ್ಲ. ಗರ್ಭಗುಡಿಯ ಒಳಗೆ, ಮಾಡಿನ ಅಡಿಯಲ್ಲಿ, ಒಣ ಜಾಗದಲ್ಲೇ ಅದರ ವಾಸ. ಮಾಡಿದವರಿಗೆ ತಮ್ಮ ಸಾಮಗ್ರಿಯ ಹೆದರಿಕೆ ಏನು ಎಂದು ಗೊತ್ತಿತ್ತು, ಕಟ್ಟಡ ಅದಕ್ಕೆ ತಕ್ಕ ಹಾಗೆ ಬಂತು. ನಾವು ಅದೇ ರೀತಿಯ ದೇಹವನ್ನು ಕಬ್ಬಿಣ ಸಿಮೆಂಟಿನಲ್ಲಿ ಮಾಡಿ ಮಳೆಗೆ ಕೂರಿಸುತ್ತಿದ್ದೇವೆ.

ಫೈಬರ್ ಬಂದದ್ದು ಈ ತೊಂದರೆಗೆ ಪರಿಹಾರ ಆಗಿ. ಹಗುರ, ತುಕ್ಕು ಇಲ್ಲ, ಒಂದು ಅಚ್ಚು ಮಾಡಿದರೆ ಎಷ್ಟು ಬೇಕಾದರೂ ತೆಗೆಯಬಹುದು. ಬಿಸಿಲಿಗೆ ಬಣ್ಣ ಮಾಸಿ, ಮೈ ಪುಡಿ ಪುಡಿ ಆಗುವುದು ಅದರ ಬಾಧೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅಚ್ಚು ಒಂದೇ ಆದ ಮೇಲೆ ಮಂಜೇಶ್ವರದ ಆನೆಗೂ ಮುಳ್ಳೇರಿಯದ ಆನೆಗೂ ವ್ಯತ್ಯಾಸ ಇಲ್ಲ. ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಆಗುವ ಗೇಟಿನ ಸಿಎನ್‌ಸಿ ಕಟಿಂಗ್ ಕತೆಯೂ ಅದೇ. ಡಿಸೈನಿನ ಫೈಲು ದುಬೈಯಲ್ಲಿ ಕತ್ತರಿಸಿದ್ದೇ ಚೆರ್ಕಳದಲ್ಲೂ.

ಹಾಗೆಂದು ಯಂತ್ರವನ್ನು ಬೈಯುವವನು ನಾನಲ್ಲ. ಕಲ್ಲಿನ ಕೆಲಸದಲ್ಲಿ ಒರಟು ಕಡೆತ ಯಂತ್ರಕ್ಕೆ ಬಿಟ್ಟು, ಮುಖ ಕೈ ಉಳಿಯಲ್ಲಿ ಮುಗಿಸಿದರೆ ಶಿಲ್ಪಿಯ ಬೆನ್ನಾದರೂ ಉಳಿಯುತ್ತದೆ. ಖರ್ಚಿಲ್ಲದ ದಾರಿಯನ್ನು ಕೇರಳದಲ್ಲೇ ಇದ್ದ ಆರ್ಕಿಟೆಕ್ಟ್ ಲಾರಿ ಬೇಕರ್ ತೋರಿಸಿ ಹೋಗಿದ್ದಾರೆ. ಇಟ್ಟಿಗೆಯನ್ನು ಬಿಟ್ಟು ಬಿಟ್ಟು ಇಟ್ಟು ಜಾಲಿ ಗೋಡೆ. ಇಟ್ಟಿಗೆಯೂ ಕಮ್ಮಿ ಸಾಕು, ಗಾಳಿಯೂ ಬರುತ್ತದೆ. ಹೊತ್ತು ಏರಿದ ಹಾಗೆ ಬೆಳಕಿನ ಚಿತ್ರ ನೆಲದಲ್ಲಿ ಸರಿಯುತ್ತದೆ. ಮುರಕಲ್ಲಿನಲ್ಲೂ ಇದು ಆಗುತ್ತದೆ. ಸತೀಶ್ ಗುಜ್ರಾಲ್ ಚಿತ್ರಕಾರ, ಶಿಲ್ಪಿ. ಆರ್ಕಿಟೆಕ್ಚರ್ ಡಿಗ್ರಿ ಇಲ್ಲದೆಯೂ 1980ರ ದಶಕದ ಆರಂಭದಲ್ಲಿ ದೆಹಲಿಯ ಬೆಲ್ಜಿಯಂ ರಾಯಭಾರ ಕಚೇರಿಯನ್ನು ಕೆಂಪು ಇಟ್ಟಿಗೆಯಲ್ಲಿ ರೂಪಿಸಿದರು. ಅಲ್ಲಿ ಶಿಲ್ಪಿಯನ್ನು ತಡವಾಗಿ ಕರೆಯುವ ಸಮಸ್ಯೆಯೇ ಬರಲಿಲ್ಲ!

ನಮ್ಮ ಕರಾವಳಿಯ ಶಿಲ್ಪ ಆಧುನಿಕ ಕಟ್ಟಡವೊಂದರಲ್ಲಿ ಚೆನ್ನಾಗಿ ಕೂತದ್ದನ್ನು ನೋಡಬೇಕಾದರೆ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಮ್ಮಿಗೆ ಹೋಗಬೇಕು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆ ಮರದ ಭೂತದ ಉರುಗಳು ಅಲ್ಲಿವೆ. ಕಟ್ಟಡ ಚಾರ್ಲ್ಸ್ ಕೊರಿಯಾ ಅವರದು: ತಗ್ಗಿನ ಮಾಡು, ಒಂದರ ಹಿಂದೆ ಒಂದು ಅಂಗಳ, ನೆರಳಿನಿಂದ ಬೆಳಕಿಗೆ ನಡೆದು ಹೋಗುವ ದಾರಿ. ಊರಿನ ಭೂತಸ್ಥಾನಕ್ಕೆ ಹೊಸ ಟೈಲ್ಸು ಬರುತ್ತಿರುವ ಹೊತ್ತಿಗೆ ಆ ಉರುಗಳಿಗೆ ತಕ್ಕ ನೆರಳು ಸಿಕ್ಕಿರುವುದು ದೆಹಲಿಯಲ್ಲಿ. ಇದಕ್ಕೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಇನ್ನು ಮುಂದೆ ಏನು ಬದಲಾಗಬಹುದು? ಸರಕಾರಿ ಕಟ್ಟಡಗಳಲ್ಲಿ ಬೇಗ ಏನೂ ಆಗುವಂತಿಲ್ಲ. ಸಿಮೆಂಟಿಗೆ, ಕಬ್ಬಿಣಕ್ಕೆ, ಮುರಕಲ್ಲಿಗೆ ದರಪಟ್ಟಿ ಇದೆ. ಮುಖದ ಭಾವಕ್ಕೆ ದರ ಹಾಕುವುದು ಹೇಗೆ? ಹಾಗಾಗಿ ಶಿಲ್ಪ ಮುಖ್ಯ ಎಸ್ಟಿಮೇಟಿನಿಂದ ಹೊರಗೆ ಉಳಿದು, ಉದ್ಘಾಟನೆ ಹತ್ತಿರ ಬಂದಾಗ ಬೇರೆ ಕೊಟೇಶನ್ ಆಗಿ ಬರುತ್ತದೆ. ಕಡಿಮೆ ಹೇಳಿದವನಿಗೆ ಕೆಲಸ. ಸರದಿ ತಪ್ಪುವುದು ಹೀಗೆ, ಯಾರ ದುರುದ್ದೇಶವೂ ಬೇಕಿಲ್ಲ.

ಜೀರ್ಣೋದ್ಧಾರ ಸಮಿತಿಗಳಿಗೆ ಆ ಕಟ್ಟು ಅಷ್ಟಿಲ್ಲ. ಹೆಚ್ಚಿನ ಕಡೆ ದುಡ್ಡು ಊರವರದ್ದು, ತೀರ್ಮಾನ ಊರವರದ್ದು, ವಾಸ್ತುಶಿಲ್ಪಿಯನ್ನೂ ತಂತ್ರಿಗಳನ್ನೂ ಕೂರಿಸಿ ಮಾತಾಡುವ ರೂಢಿ ಈಗಾಗಲೇ ಉಂಟು. ಗರ್ಭಗುಡಿಯ ವಿಷಯದಲ್ಲಿ ಅವರು ಅಂಗುಲದ ಲೆಕ್ಕಕ್ಕೂ ಕಾಯುತ್ತಾರೆ. ದ್ವಾರ, ಸಭಾಭವನ, ಊಟದ ಹಾಲಿನ ವಿಷಯಕ್ಕೆ ಬಂದಾಗ ಮಾತ್ರ ಅದು ಬರೀ ಕಂಟ್ರಾಕ್ಟರನ ಪಾಲಿಗೆ ಹೋಗುತ್ತದೆ. ಆ ನಕ್ಷೆ ಇಂಜಿನಿಯರನ ಮೇಜಿನ ಮೇಲೆ ಪೆನ್ಸಿಲಿನಲ್ಲಿ ಇರುವಾಗಲೇ ಆಚಾರಿಯನ್ನು ಒಂದು ಮಧ್ಯಾಹ್ನ ಕರೆದು ಕೂರಿಸಿದರೆ ಬೀಮು ಎಷ್ಟು ಮುಂದೆ ಬರಬೇಕು, ಎಲ್ಲಿ ಕಲ್ಲು, ಎಲ್ಲಿ ಮರ, ನೀರು ಎತ್ತ ಬೀಳಬೇಕು ಎಂಬುದು ಅಲ್ಲೇ ತೀರ್ಮಾನ ಆಗುತ್ತದೆ. ಖರ್ಚು ಅವರ ಅರ್ಧ ದಿನದ ಸಂಬಳ, ಬಸ್ ಚಾರ್ಜು, ಮಧ್ಯಾಹ್ನದ ಊಟ.